ನೀವು ಕೇಳಿದ್ದು, ನಾವು ಹುಡುಕಿದ್ದು: ದೋಣಿ ಬಿಚ್ಚಿಕೊಟ್ಟ ಮರ

ಹೋದ ಸಂಚಿಕೆ ಕೊನೇ ಪುಟದಲ್ಲಿ ಓದುಗರೊಬ್ಬರು ಕಳ್ಸಿದ್ದ ಒಂದು ಫೋಟೋ ಹಾಕಿದ್ವಿ. ಆಸ್ಟ್ರೇಲಿಯಾದ ಒಂದು ಮುದಿ ಮರ, ಕಾಂಡದ ಮೇಲೆ ಆಳೆತ್ತರಕ್ಕಿಂತ ಉದ್ದದ ಗಾಯ, ಕೆಳಗೆ 'ಇಲ್ಲಿಂದ ದೋಣಿ ತೆಗ್ದಿದ್ದಾರೆ' ಅಂತ ಒಂದೇ ಸಾಲು. ಅಷ್ಟಕ್ಕೇ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಕಾಲಂ ಆ ಮರಕ್ಕೇ. ಸಕ್ಕರೆ ಕಾಯಿಲೆಯವರು ಹಲಸಿನ ಹಣ್ಣು ತಿನ್ಬಹುದಾ ಅಂತ ಕೇಳಿರೋ ಮೂರು ಜನ ಮುಂದಿನ ತಿಂಗಳವರೆಗೆ ತಡ್ಕೊಳ್ಳಿ, ಸದ್ಯಕ್ಕೆ ತಿನ್ಬೇಡಿ.

ಪ್ರಶ್ನೆ: ಮಗಳ ಮನೆಗೆ ಅಂತ ಮೆಲ್ಬರ್ನ್‌ಗೆ ಹೋದಾಗ ಅಳಿಯ ಡಿಸೆಂಬರ್ 26ರ ಬಾಕ್ಸಿಂಗ್ ಡೇ ಕ್ರಿಕೆಟ್ ಟೆಸ್ಟ್‌ಗೆ ಟಿಕೆಟ್ ಮಾಡ್ಸಿದ್ರು. ಸ್ಟೇಡಿಯಂ ಪಕ್ಕದ ಪಾರ್ಕಲ್ಲಿ ಇಂಥದ್ದೇ ಒಂದು ಮರ ನೋಡ್ದೆ. ಅಳಿಯ ಏನೋ ಹೇಳಿದ್ರು, ಆದ್ರೆ ಅವ್ರಿಗೂ ಪೂರ್ತಿ ಗೊತ್ತಿದ್ದಂಗಿರ್ಲಿಲ್ಲ. ಮರದಿಂದ ದೋಣಿ ಹೇಗ್ರೀ ಬರುತ್ತೆ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಮೇಷ್ಟ್ರೇ, ನೀವು ನೋಡಿದ್ದು ಸರಿಯಾದ ಮರಾನೇ. ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಸುತ್ತ ಇರೋದು ಯಾರಾ ಪಾರ್ಕು, ಅಲ್ಲಿ ಇಂಥ ಗಾಯದ ಮರಗಳು ಉಳ್ಕೊಂಡಿವೆ. ಪಕ್ಕದಲ್ಲಿ ಹರಿಯೋ ಯಾರಾ ನದಿಗೆ ಅಲ್ಲಿನ ಮೂಲ ಜನ ವುರುಂಡ್‌ಜೆರಿಗಳು ಬಿರ್‍ರರಂಗ್ ಅಂತಾರೆ. ಊರು ಬರೋಕ್ಕಿಂತ ಮುಂಚೆ ಆ ಜಾಗ ಎಲ್ಲ ನದಿ ದಂಡೆಯ ಕಾಡು, ಮರ ಮಾತ್ರ ಉಳೀತು, ಸುತ್ತ ಕಾಂಕ್ರೀಟ್ ಬಂತು. ಮ್ಯಾಚ್ ದಿನ ಸಾವಿರಾರು ಜನ ಬಾವುಟ ಹಿಡ್ಕೊಂಡು ಆ ಮರಗಳ ಪಕ್ಕದಲ್ಲೇ ಹೋಗ್ತಾರೆ, ನಾನೂ ಒಂದು ಸಲ ಹಾಗೇ ಹೋಗಿದ್ದೆ, ವಾಪಸ್ ಬರೋವಾಗ ಶೂ ಲೇಸ್ ಕಟ್ಟೋಕೆ ಅಂತ ನಿಂತಾಗಷ್ಟೇ ಕಣ್ಣಿಗೆ ಬಿತ್ತು.

ಈಗ ದೋಣಿ ವಿಷ್ಯ. ಮಲೆನಾಡಲ್ಲಿ ಅಡಿಕೆ ಹಾಳೆ ನೆನೆಸಿ, ಎರಡೂ ತುದಿ ಮಡಚಿ ಟೊಪ್ಪಿ ಮಾಡೋದನ್ನ ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ, ಹಾಳೆ ಬದಲು ಇಡೀ ಆಳು ಮಲಗೋವಷ್ಟು ಉದ್ದದ ತೊಗಟೆ. ಮರ ಮುಖ್ಯವಾಗಿ ನದಿ ದಂಡೆಯ ರಿವರ್ ರೆಡ್ ಗಮ್, ನಮ್ಮ ನೀಲಗಿರಿಯ ಸಂಬಂಧಿ. ನೆಟ್ಟಗಿರೋ ಮರಕ್ಕಿಂತ ಸ್ವಲ್ಪ ಬಾಗಿರೋ ಮರ ಹುಡುಕ್ತಿದ್ರು, ಯಾಕಂದ್ರೆ ಬಾಗಿದ ಕಾಂಡದ ತೊಗಟೆ ಮರದ ಮೇಲಿದ್ದಾಗ್ಲೇ ಅರ್ಧ ದೋಣಿ ಆಗಿರುತ್ತೆ. ಕಾಲವೂ ಮುಖ್ಯ, ಅವರ ವಸಂತ ಅಂದ್ರೆ ಸೆಪ್ಟೆಂಬರ್ ಮೇಲೆ, ಮರದಲ್ಲಿ ರಸ ಏರೋ ಟೈಮು, ಆಗ ತೊಗಟೆ ಸಲೀಸಾಗಿ ಬಿಡುತ್ತೆ. ಕಲ್ಲಿನ ಕೊಡಲಿಯಿಂದ ಬೇಕಾದ ಆಕಾರ ಗೀರಿ, ಒಳಗಿನ ಮರ ಸಿಗೋವರೆಗೆ ಕಡಿದು, ಸಂದಿಗೆ ಮರದ ಬೆಣೆ ತೂರಿಸಿ ಮೀಟಿ ಮೀಟಿ ಸುತ್ತ ಬಿಡಿಸೋದು, ಹರೀದಂಗೆ ಹಗ್ಗ ಕಟ್ಟಿ ಇಳಿಸೋದು. ಆಮೇಲೆ ಬೆಂಕಿ ಶಾಖಕ್ಕೆ ಹಿಡಿದ್ರೆ ತೊಗಟೆ ಮೆತ್ತಗಾಗುತ್ತೆ, ಆಗ ಅಂಚು ಮೇಲೆತ್ತಿ, ಮುದುಡ್ಕೋಬಾರ್ದು ಅಂತ ಮಧ್ಯ ಅಡ್ಡಕಡ್ಡಿ ಕೊಟ್ಟು ಒಣಗಿಸ್ತಿದ್ರು. ಬಿರುಕು ಕಂಡ್ರೆ ಜೇಡಿಮಣ್ಣು. ಮೊಳೆ ಇಲ್ಲ, ಜೋಡಣೆ ಇಲ್ಲ, ಒಂದೇ ತುಂಡು. ಇದು ಮರ್‍ರೆ ನದಿ ಕಡೆಯ ಪದ್ಧತಿ. ಸಿಡ್ನಿ ಸಮುದ್ರ ತೀರದಲ್ಲಿ ಬೇರೆ ಜಾತಿ ಮರದ ತೊಗಟೆ ತಗೊಂಡು ಎರಡೂ ತುದಿ ಗೊಂಚಲು ಮಾಡಿ ಕಟ್ತಿದ್ರು, ಅದ್ರಲ್ಲಿ ಕೂತು ಗಾಳ ಹಾಕಿ ಮೀನು ಹಿಡೀತಿದ್ದೋರು ಹೆಂಗಸ್ರು, ದೋಣಿ ನಡುವೆ ಜೇಡಿಮಣ್ಣಿನ ಹಾಸಿನ ಮೇಲೆ ಸಣ್ಣ ಬೆಂಕಿ, ಹಿಡಿದ ಮೀನು ಅಲ್ಲೇ ಸುಟ್ಟು ಮಕ್ಕಳಿಗೆ ಕೊಡೋದು. ತೊಗಟೆ ದೋಣೀಲಿ ಒಲೆ!

ಎಲ್ಲ ಗಾಯವೂ ದೋಣಿದೇ ಅಲ್ಲ. ಮೊರದಷ್ಟು ದೊಡ್ಡದಿದ್ರೆ ಅದು ಕೂಲಮನ್ ಅನ್ನೋ ಬೋಗುಣಿಗೆ ತೆಗೆದಿದ್ದಿರಬಹುದು, ನೀರು ಹೊರೋಕೆ, ಬೀಜ ಕೇರೋಕೆ, ಕೂಸು ಮಲಗಿಸೋಕೆ ಎಲ್ಲಕ್ಕೂ ಅದೇ. ಗುರಾಣಿಗೆ ಇನ್ನೊಂದು ಅಳತೆ, ಗುಡಿಸಲು ಹೊದಿಸೋಕೆ ಮತ್ತೊಂದು. ಮರದ ಮೇಲೆ ಏಣಿ ಥರ ಸಣ್ಣ ಸಣ್ಣ ಕಚ್ಚು ಕಂಡ್ರೆ ಅದು ಪೊಟರೆಯಲ್ಲಿರೋ ಪೊಸಮ್ ಅನ್ನೋ ಪ್ರಾಣಿ ಹಿಡಿಯೋಕೋ ಜೇನು ಕೀಳೋಕೋ ಹತ್ತಿದ ಮೆಟ್ಟಿಲು.

ಅಂದಹಾಗೆ ಆ ಕಲ್ಲಿನ ಕೊಡಲಿಗೂ ಒಂದು ಊರಿದೆ. ಮೆಲ್ಬರ್ನ್‌ನಿಂದ ಉತ್ತರಕ್ಕೆ ಲ್ಯಾನ್ಸ್‌ಫೀಲ್ಡ್ ಹತ್ರ ಮೌಂಟ್ ವಿಲಿಯಂ ಅಂತ ಗುಡ್ಡ, ಅವರ ಮಾತಲ್ಲಿ ವಿಲಿಮಿ ಮೂರಿಂಗ್, ಕೊಡಲಿ ಸಿಗೋ ಜಾಗ ಅಂತ. ಅಲ್ಲಿನ ಹಸುರುಗಲ್ಲಿನ ಕೊಡಲಿಗಳು ಕೈಯಿಂದ ಕೈಗೆ ನೂರಾರು ಕಿಲೋಮೀಟರ್ ದೂರ ಹೋಗ್ತಿದ್ವು. ಯಾರ್‍ಯಾರೋ ಹೋಗಿ ಅಗೆಯೋ ಹಾಗಿರ್ಲಿಲ್ಲ, ಉಸ್ತುವಾರಿ ಮನೆತನದವರ ಅಪ್ಪಣೆ ಬೇಕಿತ್ತು. ಆ ಗುಡ್ಡ ವುರುಂಡ್‌ಜೆರಿಗಳ ಕೈಗೆ ವಾಪಸ್ ಬಂದಿದ್ದು 2012ರಲ್ಲಿ.

ಕ್ರಿಕೆಟ್ ಮಾತು ಬಂತಲ್ಲ, ಇದನ್ನೂ ಕೇಳ್ಬಿಡಿ. ಅದೇ ಎಂಸಿಜಿಯಲ್ಲಿ 1866ರ ಡಿಸೆಂಬರ್ 26ಕ್ಕೆ ಮೂಲನಿವಾಸಿಗಳ ತಂಡವೊಂದು ಮೆಲ್ಬರ್ನ್ ಕ್ರಿಕೆಟ್ ಕ್ಲಬ್ ವಿರುದ್ಧ ಆಡಿತ್ತು. ಅದ್ರಲ್ಲಿ ಆಡಿದ ಜಾನಿ ಮುಲ್ಲಾ ಹೆಸರಲ್ಲೇ ಈಗ ಬಾಕ್ಸಿಂಗ್ ಡೇ ಟೆಸ್ಟಿನ ಪಂದ್ಯಶ್ರೇಷ್ಠರಿಗೆ ಪದಕ ಕೊಡೋದು, 2020ರಲ್ಲಿ ಮೊದಲ ಪದಕ ತಗೊಂಡಿದ್ದು ನಮ್ಮ ರಹಾನೆ. ಮುಂದಿನ ಸಲ ಅಳಿಯಂದಿರಿಗೆ ನೀವೇ ಹೇಳಿ.

ಪ್ರಶ್ನೆ: ನಮಸ್ಕಾರ್ರೀ. ನಾವು ತುಂಗಭದ್ರಾದಾಗ ಹರಿಗೋಲು ಹಾಕಿದ ಮಂದಿ. ಹರಿಗೋಲಿಗೆ ಬಿದಿರು, ಚರ್ಮ, ಡಾಂಬರು ಎಲ್ಲಾ ಬೇಕ್ರೀ. ಬರೇ ತೊಗಟಿ ನೀರಾಗ ಎಷ್ಟೊತ್ತು ನಿಂದರತೈತಿ? ಇದು ಮಕ್ಕಳ ಆಟಿಗಿ ಅನಸ್ತದ ನನಗ. (ಒಬ್ಬ ಓದುಗರು, ಹೊಸಪೇಟೆ)

ಉತ್ತರ: ಅಣ್ಣಾವ್ರೇ, ಈ ಪ್ರಶ್ನೆಗೆ ಗಂಡಗೈ ಅನ್ನೋ ಊರು ಉತ್ತರ ಕೊಡುತ್ತೆ.

ನ್ಯೂ ಸೌತ್ ವೇಲ್ಸಲ್ಲಿ ಮರ್‍ರಂಬಿಜಿ ಅಂತ ನದಿ. ಅದರ ದಂಡೆಯ ತಗ್ಗಲ್ಲೇ ಬಿಳಿಯರು ಗಂಡಗೈ ಅಂತ ಊರು ಕಟ್ಟಿದ್ರು. ಇಲ್ಲಿ ಕಟ್ಬೇಡಿ, ನೀರು ಬರುತ್ತೆ ಅಂತ ಅಲ್ಲಿನ ವಿರಾಡ್ಜುರಿ ಜನ ಹೇಳಿದ್ರಂತೆ, ಕೇಳೋರು ಯಾರು. 1852ರ ಜೂನ್ ಕೊನೇ ವಾರ, ರಾತ್ರಿ, ಹೊಳೆ ಊರೊಳಗೆ ನುಗ್ತು. ಜನ ಮೊದಲು ಅಟ್ಟ, ಆಮೇಲೆ ಛಾವಣಿ, ಛಾವಣೀನೂ ಹೋದ್ಮೇಲೆ ಮರದ ಕೊಂಬೆ ಹಿಡ್ಕೊಂಡು ಕೂತ್ರು, ಅಲ್ಲಿ ಜೂನ್ ಅಂದ್ರೆ ಚಳಿಗಾಲ ಬೇರೆ. ಆಗ ಯಾರಿ ಅನ್ನೋ ವಿರಾಡ್ಜುರಿ ಮನುಷ್ಯ ತೊಗಟೆ ದೋಣಿ ತಗೊಂಡು ಆ ಸೆಳವಿಗಿಳಿದ. ಆ ದೋಣೀಲಿ ಅವನ ಜೊತೆ ಇನ್ನೊಬ್ಬರಿಗಷ್ಟೇ ಜಾಗ. ಹಾಗಾಗಿ ಮರದ ಹತ್ರ ಹೋಗೋದು, ಒಬ್ಬರನ್ನ ಇಳಿಸ್ಕೊಳ್ಳೋದು, ದಡಕ್ಕೆ ಬಿಡೋದು, ಮತ್ತೆ ಕತ್ತಲೊಳಗೆ ಹೋಗೋದು, ತೇಲಿ ಬರೋ ಮನೆ ತೊಲೆ, ದನದ ಹೆಣ ಎಲ್ಲ ತಪ್ಪಿಸ್ಕೊಂಡು. ಜಾಕಿ ಜಾಕಿ ಅಂತ ಇನ್ನೊಬ್ಬ, ಮತ್ತೆ ಬೇರೆ ಕೆಲವರೂ ಇಳಿದ್ರು. ಒಟ್ಟು ಉಳಿಸಿದ್ದು 69 ಜನ ಅಂತ ಲೆಕ್ಕ ಇದೆ. ಊರಲ್ಲಿದ್ದೋರೇ ಸುಮಾರು 250, ಅದ್ರಲ್ಲಿ ಸತ್ತೋರು ಎಂಬತ್ತರಿಂದ ನೂರು. ಆಮೇಲೆ ಊರನ್ನ ಗುಡ್ಡದ ಮೇಲಕ್ಕೆ ಎತ್ತಿದ್ರು, ಅಂದ್ರೆ ಮೊದಲೇ ಹೇಳಿದ್ದ ಜಾಗಕ್ಕೆ. ಯಾರಿ ಅನ್ನೋ ಆ ಮನುಷ್ಯನಿಗೆ ಎದೆ ಮೇಲೆ ಹಾಕ್ಕೊಳ್ಳೋ ಒಂದು ಲೋಹದ ಬಿಲ್ಲೆ ಕೊಟ್ರು. ಊರ ಮಧ್ಯೆ ಯಾರಿ, ಜಾಕಿ ಜಾಕಿ ಇಬ್ಬರದ್ದೂ ಕಂಚಿನ ಪ್ರತಿಮೆ ಆಗಿದ್ದು 2017ರಲ್ಲಿ, ಲೆಕ್ಕ ಹಾಕಿ, 165 ವರ್ಷ.

ಆ ಪ್ರತಿಮೇಲಿ ದೋಣಿನೂ ಇದೆ ಅಣ್ಣಾವ್ರೇ, ಆಟಿಗೆ ಥರ ಕಾಣಲ್ಲ.

ಪ್ರಶ್ನೆ: ತೋಟದಲ್ಲಿ ಮರದ ತೊಗಟೆ ಸುತ್ತ ಕೆತ್ತಿಬಿಟ್ರೆ ಮರ ನಿಂತಲ್ಲೇ ಒಣಗುತ್ತೆ, ಇದು ನಾವು ಕಣ್ಣಾರೆ ನೋಡಿದ್ದು. ಇಷ್ಟು ದೊಡ್ಡ ಗಾಯ ಆದ್ಮೇಲೂ ಆ ಮರ ನೂರಾರು ವರ್ಷ ಬದುಕಿದ್ದು ಹೇಗೆ? ಇನ್ನೊಂದು, ಮರ ಬೆಳೆದ ಹಾಗೆ ಗಾಯ ಮೇಲಕ್ಕೆ ಹೋಗ್ಬೇಕಿತ್ತಲ್ಲ, ಫೋಟೋದಲ್ಲಿ ಕೈಗೆಟುಕೋ ಹಾಗಿದೆ. (ಕೃಷಿಕರು, ಶಿರಸಿ)

ಉತ್ತರ: ನಿಮ್ಮ ಪ್ರಶ್ನೇಲಿರೋ 'ಸುತ್ತ' ಅನ್ನೋ ಮಾತಲ್ಲೇ ಉತ್ತರ ಇದೆ. ಎಲೇಲಿ ತಯಾರಾದ ಅನ್ನ ಬೇರಿಗೆ ಇಳಿಯೋದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಉಂಗುರದ ಥರ ಕೆತ್ತಿದ್ರೆ ದಾರಿ ಪೂರ್ತಿ ಬಂದ್, ಬೇರು ಉಪವಾಸ ಬಿದ್ದು ಮರ ಸಾಯುತ್ತೆ. ಅಲ್ಲಿನ ಮೂಲ ಜನ ತೆಗೀತಿದ್ದಿದ್ದು ಒಂದೇ ಬದಿಯದ್ದು, ಮಿಕ್ಕ ಬದೀಲಿ ಸಂಚಾರ ನಡೀತಾ ಇರುತ್ತೆ, ಮರ ಸ್ವಲ್ಪ ದಿನ ಮಂಕಾಗಿದ್ದು ಚೇತರಿಸ್ಕೊಳ್ಳುತ್ತೆ. ಉಂಗುರ ಕೆತ್ತೋ ಕೆಲಸ ಮಾಡಿದ್ದು ಆಮೇಲೆ ಬಂದ ವಲಸಿಗ ರೈತರು, ಕುರಿ ದನಕ್ಕೆ ಹುಲ್ಲುಗಾವಲು ಬೇಕು ಅಂತ ಕಾಡಿಗೆ ಕಾಡೇ ಹಾಗೆ ಒಣಗಿಸಿದ್ರು. ಗಾಯದ ಮರಗಳು ಅಪರೂಪ ಆಗಿರೋದಕ್ಕೆ ಅದೂ ಒಂದು ದೊಡ್ಡ ಕಾರಣ.

ಗಾಯ ಮಾಯೋ ರೀತಿ ನಮ್ಮ ಚರ್ಮದ ಥರ ಅಲ್ಲ. ಬೋಳಾದ ಮರ ಒಣಗಿ ಬೂದು ಬಣ್ಣ ಆಗುತ್ತೆ, ಅಲ್ಲಿ ಮತ್ತೆ ತೊಗಟೆ ಹುಟ್ಟಲ್ಲ. ಬದಲಿಗೆ ಸುತ್ತಲಿನ ಅಂಚಿಂದ ಜೀವ ಇರೋ ಪದರ ದಪ್ಪ ತುಟಿ ಥರ ಉಬ್ಬಿ, ವರ್ಷವರ್ಷ ಒಳಕ್ಕೆ ಸರೀತಾ ಬರುತ್ತೆ. ಹಳೇ ಮರದಲ್ಲಿ ಈ ತುಟಿ ಗೇಣುದ್ದ ದಪ್ಪ ಇರೋದೂ ಉಂಟು, ಬೆರಳು ತೂರಿಸಿದ್ರೆ ಒಳಗೆ ಹಳೇ ಮೈ ಸಿಗುತ್ತೆ (ತೂರಿಸ್ಬೇಡಿ, ಜೇಡ ಇರುತ್ತೆ, ಅದೂ ಆಸ್ಟ್ರೇಲಿಯಾ ಜೇಡ). ಅಂದ್ರೆ ಇವತ್ತು ಕಾಣೋ ಗಾಯ ಅವತ್ತು ತೆಗೆದ ತೊಗಟೆಗಿಂತ ಚಿಕ್ಕದು. ಕೆಲವು ಮರದಲ್ಲಿ ಎರಡು ತುಟಿ ಸೇರಿ ಬಾಯಿ ಮುಚ್ಚೇ ಹೋಗಿರುತ್ತೆ, ಹೊರಗೆ ಬರೀ ಒಂದು ಗೀಟು.

ಎತ್ತರದ ಬಗ್ಗೆ: ಮರ ಬೆಳೆಯೋದು ತುದೀಲಿ, ಕಾಂಡ ದಪ್ಪ ಆಗುತ್ತೆ ಅಷ್ಟೇ, ಮೇಲಕ್ಕೆ ಎಳೆಯೋದಿಲ್ಲ. ನಿಮ್ಮನೇಲಿ ಬಟ್ಟೆ ತಂತಿ ಕಟ್ಟೋಕೆ ಅಂತ ಅಪ್ಪ ಮಾವಿನ ಮರಕ್ಕೆ ಮೊಳೆ ಹೊಡೆದಿದ್ರೆ ಹೋಗಿ ನೋಡಿ. ಮೊಳೆ ಅಷ್ಟೇ ಎತ್ತರದಲ್ಲಿರುತ್ತೆ, ಮರ ಅದನ್ನ ನುಂಗ್ತಾ ಇರುತ್ತೆ.

ಪ್ರಶ್ನೆ: ಸಾರಿ, ನಂಗೆ ಡೌಟು. ಸಿಡಿಲು ಹೊಡೆದಿರಬಹುದು, ಲಾರಿ ಗುದ್ದಿರಬಹುದು, ಕೊಂಬೆ ಮುರಿದಿರಬಹುದು. ಮರದ ಮೇಲಿರೋ ಪ್ರತಿ ಗಾಯಕ್ಕೂ ಒಂದು ಕಥೆ ಕಟ್ಟೋದು ನಮ್ಮಲ್ಲೂ ಇದೆ, ಭೀಮನ ಹೆಜ್ಜೆ, ಸೀತೆ ಸ್ನಾನದ ಹೊಂಡ ಥರ. (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಸಾರಿ ಯಾಕೆ, ಡೌಟು ಪಡೋದೇ ಸರಿ. ಅಲ್ಲಿನ ಪುರಾತತ್ವದವರೂ ಮೊದಲು ಅದನ್ನೇ ಮಾಡೋದು. ಕಾಡ್ಗಿಚ್ಚಿನ ಗಾಯ ಸಾಮಾನ್ಯವಾಗಿ ನೆಲದಿಂದಲೇ ಶುರುವಾಗಿ ತ್ರಿಕೋನದ ಥರ ಮೇಲಕ್ಕೆ ಕಿರಿದಾಗುತ್ತೆ, ಒಳಗೆ ಕರಿ ಇರುತ್ತೆ. ಸಿಡಿಲಿನದು ಸಣ್ಣ ಪಟ್ಟಿ ಥರ ಉದ್ದಕ್ಕೂ ಇಳಿದಿರುತ್ತೆ. ಕೊಂಬೆ ಸೀಳಿದ್ರೆ ಗಾಯದ ಮೇಲ್ತುದೀಲಿ ಕೊಂಬೆಯ ಬುಡ ಸಿಗುತ್ತೆ. ಕಾಕಟೂ ಗಿಳಿಗಳೂ ಕೊಕ್ಕಲ್ಲಿ ತೊಗಟೆ ಕಿತ್ತು ಹಾಕ್ತವೆ, ಅದಕ್ಕೆ ಆಕಾರನೇ ಇರಲ್ಲ. ಕೈಯಿಂದ ತೆಗೆದದ್ದು ಹೆಚ್ಚಾಗಿ ನೆಲ ಮುಟ್ಟಲ್ಲ, ಎರಡೂ ಪಕ್ಕ ಸಮ, ತುದಿ ದುಂಡಗೋ ಚೂಪಾಗೋ ಇರುತ್ತೆ, ಅದೃಷ್ಟ ಇದ್ರೆ ಒಣಮರದ ಮೇಲೆ ಕೊಡಲಿ ಕಚ್ಚಿನ ಗುರುತೂ ಸಿಗುತ್ತೆ. ಮರವೂ ಆ ಕಾಲದ್ದೇ ಆಗಿರ್ಬೇಕು, ಆ ಜಾಗದಲ್ಲೇ ತಾನಾಗಿ ಹುಟ್ಟಿದ ಜಾತಿ ಆಗಿರ್ಬೇಕು, ಪಾರ್ಕಿನೋರು ನೆಟ್ಟ ಮರ ಆದ್ರೆ ಕೇಸ್ ಕ್ಲೋಸ್.

ಗೊಂದಲ ಆಗೋದು ಇನ್ನೊಂದು ಕಡೆ. ವಲಸಿಗರೂ ಗುಡಿಸಲ ಛಾವಣಿಗೆ ತೊಗಟೆ ಸುಲಿದಿದ್ದಾರೆ, ಸರ್ವೆ ಮಾಡೋರು ಗುರುತಿಗೆ ಅಂತ ಕೆತ್ತಿ ಬಾಣ, ನಂಬರು ಹಾಕಿದ್ದಾರೆ. ಅಲ್ಲಿನ ಅತೀ ಫೇಮಸ್ ಗಾಯದ ಮರ ಇಂಥದ್ದೇ, ಕೂಪರ್ ಕ್ರೀಕ್ ಅನ್ನೋ ಹೊಳೆ ದಂಡೆಯ ಡಿಗ್ ಟ್ರೀ. 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಅನ್ನೋ ಅನ್ವೇಷಕರು ಸುಸ್ತಾಗಿ ವಾಪಸ್ ಬರೋವಷ್ಟರಲ್ಲಿ ಅವರಿಗಾಗಿ ಕಾದಿದ್ದ ತಂಡ ಅದೇ ದಿನ ಬೆಳಗ್ಗೆ ಜಾಗ ಖಾಲಿ ಮಾಡಿತ್ತು, ಅಲ್ಲೇ ಆಹಾರ ಹೂತಿಟ್ಟು, ಅಗೆಯಿರಿ (ಡಿಗ್) ಅಂತ ಮರದ ಮೇಲೆ ಕೆತ್ತಿ. ಆ ಮರದ ಕಥೆ ಅಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತು. ದೋಣಿ ಮರದ್ದು ಗೊತ್ತಿರಲ್ಲ. ಇದು ನನ್ನ ಹೊಟ್ಟೆಉರಿ, ಉತ್ತರದ ಭಾಗ ಅಲ್ಲ.

ಗಾಯ ಯಾವ ಇಸವೀದು ಅಂತ ಹೇಳೋದು ಮಾತ್ರ ಕಷ್ಟ. ತೇಗದ ಥರ ಉಂಗುರ ಎಣಿಸಿ ವಯಸ್ಸು ಹೇಳೋಕೆ ಈ ಜಾತಿ ಮರಗಳು ಸುಲಭಕ್ಕೆ ಬಿಟ್ಟುಕೊಡಲ್ಲ, ಮಳೆ ಬಂದಾಗ ಬೆಳೀತವೆ, ಬರ ಬಂದಾಗ ಸುಮ್ನಿರ್ತವೆ.

ಪ್ರಶ್ನೆ: ನಮ್ಮ ಕಡೆ ನೀಲಗಿರಿ ತೋಪು ಎಕರೆಗಟ್ಲೆ ಇದೆ. ಅದ್ರಲ್ಲೂ ದೋಣಿ ಆಗುತ್ತಾ? (ಕೋಲಾರ)

ಉತ್ತರ: ಮೊದಲು ನೀರು ಹುಡುಕಿ ಸ್ವಾಮಿ, ಆಮೇಲೆ ದೋಣಿ. ತಮಾಷೆ ಪಕ್ಕಕ್ಕಿಡಿ, ಮರ ಸಂಬಂಧಿಕರೇ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದ ಜಾತಿಗಳಿಂದಲೇ ನಮ್ಮ 'ಮೈಸೂರ್ ಗಮ್' ಹುಟ್ಟಿದ್ದು ಅಂತಾರೆ. ಆದ್ರೆ ನಮ್ಮ ತೋಪಿನ ಮರಕ್ಕೆ ಹತ್ತು ವರ್ಷ ತುಂಬೋಕೂ ಬಿಡಲ್ಲ, ಕಡಿದು ಲಾರಿ ತುಂಬ್ತೀವಿ. ಕಾಲಿನ ದಪ್ಪದ ಕಾಂಡದಲ್ಲಿ ದೋಣಿ ಎಲ್ಲಿಂದ ಬರ್ಬೇಕು? ರೆಡ್ ಗಮ್ ಐನೂರು ವರ್ಷ ದಾಟೋ ಮರ. ಅದನ್ನ ಅದರ ಮನೇಲಿ ನೋಡ್ಬೇಕಂದ್ರೆ ಮರ್‍ರೆ ದಂಡೆಯ ಬಾರ್ಮಾ ಕಾಡಿಗೆ ಹೋಗ್ಬೇಕು, ಯೋರ್ಟಾ ಯೋರ್ಟಾ ಜನರ ನೆಲ, ಪ್ರವಾಹದ ನೀರಲ್ಲೇ ನಿಂತ ರೆಡ್ ಗಮ್ ಕಾಡು, ದೋಣಿ ತೆಗೆದ ಮರಗಳೂ ಅಲ್ಲಿವೆ.

ಪ್ರಶ್ನೆ: ತೊಗಟೆಯಿಂದ ಚೀಲ ಮಾಡೋದು ನಮ್ಮ ಕೊಡಗಲ್ಲಿ ಹಿಂದೆ ಇತ್ತು ಅಂತ ನಮ್ಮ ಅಜ್ಜ ಹೇಳೋರು. ನಿಜಾನಾ? (ಮಡಿಕೇರಿ)

ಉತ್ತರ: ನಿಜ. ಅಜ್ಜನಪಟ್ಟೆ ಮರ. ಚೀಲದಳತೆಯ ಕೊಂಬೆ ತುಂಡು ಕಡಿದು ನೆನೆಸಿ, ಕೊಡತಿಯಿಂದ ಬಡಿದು ಬಡಿದು ತೊಗಟೆ ಸಡಿಲ ಮಾಡಿ ಕಾಲುಚೀಲ ತಿರುಗಿಸಿದ ಹಾಗೆ ಒಳಹೊರಗೆ ಮಾಡೋದು, ತುದೀಲಿ ಮರದ ಒಂದು ಬಿಲ್ಲೆ ಹಾಗೇ ಬಿಟ್ರೆ ಅದೇ ಚೀಲದ ತಳ, ಹೊಲಿಗೆನೇ ಬೇಡ. ವ್ಯತ್ಯಾಸ ಏನಂದ್ರೆ ಇಲ್ಲಿ ಕೊಂಬೆ ಕಡಿಯಲೇಬೇಕು, ಹಾಗಾಗಿ ತೋರಿಸೋಕೆ ಗಾಯದ ಮರ ನಮ್ಮತ್ರ ಉಳೀಲಿಲ್ಲ. ರಾಮ ಕಾಡಿಗೆ ಹೊರಟಾಗ ಉಟ್ಟ ನಾರುಮಡಿಯ ಮರ ಯಾವುದು ಅಂತ ಇದರ ಬೆನ್ನಿಗೇ ಕೇಳ್ಬೇಡಿ, ಹಲಸಿನ ಹಣ್ಣಿನವರು ಕಾಯ್ತಿದ್ದಾರೆ.

ಪ್ರಶ್ನೆ: ಮೆಲ್ಬರ್ನ್ ಹೊರವಲಯದಲ್ಲಿ ಹೊಸ ಸೈಟ್ ತಗೊಂಡಿದ್ದೀವಿ, ಹಿಂದುಗಡೆ ಮೂಲೇಲಿ ಒಂದು ಸತ್ತ ರೆಡ್ ಗಮ್ ಇದೆ, ಅದರ ಮೇಲೆ ನಿಮ್ಮ ಫೋಟೋದಲ್ಲಿರೋ ಥರಾನೇ ಅಂಡಾಕಾರದ ಗುರುತು, ಸುಮಾರು ಒಂದೂವರೆ ಮೀಟರ್. ಕೆಲಸ ಮಾಡ್ಸೋನು ಯಾರಿಗೂ ಹೇಳ್ಬೇಡಿ, ವೀಕೆಂಡಲ್ಲಿ ಉರುಳಿಸಿಬಿಡೋಣ, ಹೇಗಿದ್ರೂ ಸತ್ತ ಮರ ಅಂತಾನೆ. ನನ್ನ ಹೆಂಡತಿ ಬೇಡ ಅಂತಾಳೆ. ಏನ್ ಮಾಡ್ಲಿ? (ಹೆಸರು ಬೇಡ ಅಂದಿದ್ದಾರೆ)

ಉತ್ತರ: ಹೆಂಡತಿ ಮಾತು ಕೇಳಿ.

ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ 2006ರ ಅಬೊರಿಜಿನಲ್ (ಮೂಲನಿವಾಸಿ) ಪರಂಪರೆ ಕಾಯ್ದೆ ಇದೆ. ಇಂಥ ಮರ ಜೀವಂತ ಇರ್ಲಿ ಸತ್ತಿರ್ಲಿ, ನಿಮ್ಮ ಸ್ವಂತ ಸೈಟಲ್ಲೇ ಇರ್ಲಿ, ಹಾನಿ ಮಾಡಿದ್ರೆ ಅಪರಾಧ, ದಂಡ ಸಣ್ಣದಲ್ಲ. ದಂಡ ಕಟ್ಟೋದು ವೀಕೆಂಡಲ್ಲಿ ಮಾಯ ಆಗೋ ಆ ಮನುಷ್ಯ ಅಲ್ಲ, ನೀವು. ಮರದ ಹತ್ರ ಮಣ್ಣು ತುಂಬೋದು, ಬೇರಿನ ಮೇಲೆ ಗಾಡಿ ನಿಲ್ಲಿಸೋದು ಎಲ್ಲ ಇವತ್ತಿಂದ ನಿಲ್ಸಿ. ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೀರಿ, ನೆಲದಿಂದ ಗಾಯ ಎಷ್ಟು ಮೇಲೆ ಶುರುವಾಗುತ್ತೆ ಅನ್ನೋದೂ ಬರ್ಕೊಳ್ಳಿ, ರಾಜ್ಯದ ಪರಂಪರೆ ವಿಭಾಗಕ್ಕೆ ಕಳ್ಸಿ, ಆ ನೆಲದ ಮೂಲ ಜನರ ನೋಂದಾಯಿತ ಸಂಸ್ಥೆಯವರು ಬಂದು ನೋಡ್ತಾರೆ. ನೋಡಿ, ಇದು ಬೆಂಕಿ ಗಾಯ ಅಂದ್ರೆ ನಿಮ್ಮ ಕೆಲಸ ಹಗುರ. ಹೌದು ಅಂದ್ರೆ ಗ್ಯಾರೇಜ್ ಪ್ಲಾನು ಎರಡು ಮೀಟರ್ ಆಚೆ ಹೋಗುತ್ತೆ ಅಷ್ಟೇ. ಸೋಷಿಯಲ್ ಮೀಡಿಯಾದಲ್ಲಿ ಲೊಕೇಶನ್ ಸಮೇತ ಹಾಕ್ಬೇಡಿ, ಕಿಡಿಗೇಡಿಗಳು ಎಲ್ಲಾ ಕಡೆ ಇದ್ದಾರೆ.

ಕಾನೂನು ಇದ್ದೂ ಎಲ್ಲ ಮರ ಉಳಿಯುತ್ತೆ ಅಂತಲ್ಲ. ನಿಮ್ಮದೇ ರಾಜ್ಯದಲ್ಲಿ ಅರಾರಾಟ್ ಕಡೆ ಹೋಗೋ ಹೆದ್ದಾರಿ ಅಗಲ ಮಾಡೋ ವಿಚಾರಕ್ಕೆ ಜಾಬ್ ವುರುಂಗ್ ಜನ 2018ರಿಂದ ಮರಗಳ ಕೆಳಗೆ ಟೆಂಟ್ ಹಾಕಿ ಕೂತಿದ್ರು. ಅವರ ಮಾತಲ್ಲಿ ಅವು ಹೆರಿಗೆ ಮರಗಳು, ದಾರಿ ತೋರೋ ಮರಗಳು, ಮಗು ಹುಟ್ಟಿದಾಗ ಅದರ ಮಾಸು ಸೇರಿಸಿ ನೆಟ್ಟಂಥವು. ಕೆಲವು ಉಳಿದ್ವು. ದಾರಿ ತೋರೋ ಮರ ಅಂತ ಅವರು ಕರೀತಿದ್ದ ಒಂದನ್ನ 2020ರ ಅಕ್ಟೋಬರ್ 26ಕ್ಕೆ ಕಡಿದ್ರು. ಅದು ರಕ್ಷಣೆ ಪಟ್ಟೀಲಿರೋ ಮರ ಅಲ್ಲ ಅಂತ ಸರ್ಕಾರದ ವಾದ. ಮೆಲ್ಬರ್ನ್ ಲಾಕ್‌ಡೌನ್ ಸಡಿಲ ಮಾಡ್ತೀವಿ ಅಂತ ಪ್ರಕಟಿಸಿದ್ದೂ ಅದೇ ದಿನ, ಹಾಗಾಗಿ ಎಲ್ಲರ ಗಮನ ಬೇರೆ ಕಡೆ. ಮಿಕ್ಕ ಕೆಲಸಕ್ಕೆ ಕೋರ್ಟು ತಡೆ ಕೊಡೋವಷ್ಟರಲ್ಲಿ ಆ ಮರ ಲಾರಿ ಹತ್ತಿಯಾಗಿತ್ತು.

ನಿಮ್ಮ ಮರದ ವಿಷ್ಯ ಏನಾಯ್ತು ಅಂತ ಬರೀರಿ. ಒಂದೂವರೆ ಮೀಟರ್ ಅಂದ್ರೆ, ತುಟಿ ಒಳಕ್ಕೆ ಸರಿದಿರೋದನ್ನೂ ಲೆಕ್ಕ ಹಾಕಿದ್ರೆ, ದೋಣಿಗೆ ಸ್ವಲ್ಪ ಗಿಡ್ಡ, ಬೋಗುಣಿಗೆ ದೊಡ್ಡದು, ಗುಡಿಸಲ ಹೊದಿಕೆ ಇರಬಹುದು ಅಂತ ನನ್ನ ಊಹೆ. ತಪ್ಪಾದ್ರೆ ಮುಂದಿನ ಸಂಚಿಕೇಲಿ ಒಪ್ಕೋತೀನಿ.